ರೋಹಿಣಿ ಬರುವವರೆಗೆ ಸಸಿ ಹೊರಗೆ ನೆಡಬೇಡಿ: ಇಂಗ್ಲೆಂಡಿನ ಹಿತ್ತಲಿಗೆ ಹೊಸಬರಾದವರಿಗೆ

ಏಪ್ರಿಲ್‌ನಲ್ಲಿ ಇಲ್ಲಿ ಒಂದು ಮೋಸದ ವಾರ ಬರುತ್ತದೆ. ಹದಿನೆಂಟು ಇಪ್ಪತ್ತು ಡಿಗ್ರಿ ಬಿಸಿಲು. ಎದುರುಮನೆಯವರು ಚಡ್ಡಿ ಹಾಕಿಕೊಂಡು ಹುಲ್ಲು ಕತ್ತರಿಸುತ್ತಿರುತ್ತಾರೆ. ಅಂಗಡಿಗಳ ಬಾಗಿಲಲ್ಲೇ ಟೊಮೆಟೊ, ಮೆಣಸಿನ ಸಸಿಗಳ ಸಾಲು. ಊರಿಂದ ಬಂದು ಮೊದಲ ಚಳಿಗಾಲ ಕಳೆದವರಿಗೆ ಅಷ್ಟು ಸಾಕು, ನಾಲ್ಕು ಸಸಿ ತಂದು ನೆಟ್ಟೇಬಿಡುತ್ತಾರೆ. ನಾನೂ ನೆಟ್ಟಿದ್ದೆ. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಬೇಯಿಸಿದ ಪಾಲಕ್ ಥರ ಕಪ್ಪಾಗಿ ಜೋತುಬಿದ್ದಿದ್ದವು. ಸಸಿ ಮಾರಿದವರನ್ನು ಬೈದುಕೊಂಡೆ, ಆದರೆ ಅವರು ಸಸಿ ಮಾರಿದ್ದರೇ ಹೊರತು ಹೊರಗೆ ನೆಡಿ ಅಂತ ಹೇಳಿರಲಿಲ್ಲ.

ನಮ್ಮಪ್ಪ ರಾಣೆಬೆನ್ನೂರು ಕಡೆಯ ರೈತ. ಅವರ ಲೆಕ್ಕವೆಲ್ಲ ಮಳೆ ನಕ್ಷತ್ರದ್ದು. ಏಪ್ರಿಲ್ ಕೊನೆಗೆ ಭರಣಿ, ಮೇ ಹನ್ನೊಂದರ ಸುಮಾರಿಗೆ ಕೃತ್ತಿಕಾ, ಮೇ 25ರ ಹೊತ್ತಿಗೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಇಲ್ಲಿ ಅದು ತಲೆಕೆಳಗು. ಭರಣಿಯಲ್ಲೇ ಇಲ್ಲಿ ಸಸಿ ಸಾಯುವುದು. ಆದರೆ ರೋಹಿಣಿ ಮಾತ್ರ ಇಲ್ಲಿಗೂ ಸರಿಹೊಂದುತ್ತದೆ. ಇಲ್ಲಿನ ಹಳೆಯ ತೋಟಗಾರರು ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನ ಮುಗಿಯಲಿ, ಆಮೇಲೆ ಹೊರಗೆ ನೆಡಿ ಅನ್ನುತ್ತಾರೆ. ಅದು ನಡೆಯುವುದು ಮೇ ತಿಂಗಳ ಕೊನೆಯ ಭಾಗದಲ್ಲಿ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, "ಹಂಗಾದ್ರ ಅವರೂ ರೋಹಿಣಿ ಕಾಯ್ತಾರ ಅಂದಂಗಾತು" ಅಂದರು.

ನಾನಿರುವುದು ರೆಡಿಂಗ್‌ನಲ್ಲಿ, ಥೇಮ್ಸ್ ಕಣಿವೆ. ಈ ಕಡೆ, ನಡು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಮೇ ಮಧ್ಯದವರೆಗೆ ಫ್ರಾಸ್ಟ್ ಭಯ, ಅಂದರೆ ರಾತ್ರಿ ನೆಲ, ಎಲೆ ಹೆಪ್ಪುಗಟ್ಟುವ ಚಳಿಯ ಭಯ ಇದ್ದೇ ಇರುತ್ತದೆ. ನೈಋತ್ಯ ತುದಿಯ ಕಾರ್ನ್‌ವಾಲ್ ಕರಾವಳಿಯಲ್ಲಿ ಬೇಗ ಮುಗಿಯುತ್ತದೆ. ಉತ್ತರದ ಗುಡ್ಡಗಾಡಿನಲ್ಲಿ ಜೂನ್ ಮೊದಲ ವಾರಕ್ಕೂ ಹೋಗಬಹುದು. ಲಂಡನ್ ನಡುವೆ ಇರುವವರು ಅದೃಷ್ಟವಂತರು, ಅಷ್ಟು ಕಾಂಕ್ರೀಟು ರಾತ್ರಿಯಿಡೀ ಬೆಚ್ಚಗೆ ಇರುತ್ತದೆ.

ಫೋನಿನ ಹವಾಮಾನ ನೋಡಿ ನಿಶ್ಚಿಂತೆಯಾಗಿ ಮಲಗಬೇಡಿ. ಅದು "ರಾತ್ರಿ 3 ಡಿಗ್ರಿ" ಅಂದರೆ ನಿಮ್ಮ ನೆಲಕ್ಕೆ ಸೊನ್ನೆಗಿಂತ ಕೆಳಗೆ ಅಂತ ಅರ್ಥ ಇರಬಹುದು. ಹವಾಮಾನ ಇಲಾಖೆಯ ಥರ್ಮಾಮೀಟರ್ ಇರುವುದು ನೆಲದಿಂದ ಒಂದೂಕಾಲು ಮೀಟರ್ ಮೇಲೆ. ನಿಮ್ಮ ಸಸಿ ಇರುವುದು ಒಂದು ಗೇಣು ಎತ್ತರದಲ್ಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹಾರಿಹೋಗುತ್ತದೆ. ಮೋಡ ಇದ್ದರೆ ಕಂಬಳಿ ಹೊದ್ದ ಹಾಗೆ. ಅದಕ್ಕೇ ಸಂಜೆ ಆಕಾಶ ಚೆನ್ನಾಗಿದೆ, ನಕ್ಷತ್ರ ಫಳಫಳ ಅಂತಿವೆ ಅಂದರೆ ನಮ್ಮನೆಯಲ್ಲಿ ಯಾರೂ ಖುಷಿಪಡುವುದಿಲ್ಲ, ಹಳೆ ಪಂಚೆ ಹುಡುಕುತ್ತೇವೆ.

ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಹಿತ್ತಲಿನ ಕೆಳಗಿನ ಮೂಲೆ, ಬೇಲಿ ಪಕ್ಕದ್ದು, ಅಂಥದ್ದೇ. ಮೇಲಿನ ಮೂಲೆಯಲ್ಲಿ ಸಸಿ ಹಸಿರಾಗಿರುವಾಗ ಅಲ್ಲಿ ಹುಲ್ಲು ಬೆಳ್ಳಗೆ. ನಿಮ್ಮ ಹಿತ್ತಲಲ್ಲೂ ಅಂಥ ಮೂಲೆ ಎಲ್ಲಿದೆ ಅಂತ ಮೊದಲ ವರ್ಷವೇ ನೋಡಿಟ್ಟುಕೊಳ್ಳಿ. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಇದ್ದರೆ ಅದರ ಬುಡವೇ ನಿಮ್ಮ ಬಂಗಾರದ ಜಾಗ.

ಹೊದಿಸುವುದಕ್ಕೆ ಇಲ್ಲಿ ಫ್ಲೀಸ್ ಅಂತ ತೆಳು ಬಿಳಿ ಬಟ್ಟೆ ಸಿಗುತ್ತದೆ. ತಗೊಳ್ಳಿ, ಜಾಸ್ತಿ ಬೆಲೆಯೇನಿಲ್ಲ. ಇಲ್ಲದಿದ್ದರೆ ಹಳೆ ಪಂಚೆ, ವಾಯಿಲ್ ಸೀರೆ ಸಾಕು. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದರೆ ತಾಗಿದ ಜಾಗವೇ ಚಳಿಗೆ ಸುಡುತ್ತದೆ, ಅದು ಬೇಡ. ಬೆಳಿಗ್ಗೆ ಮರೆಯದೆ ತೆಗೆಯಿರಿ, ಹೂವಿಗೆ ಜೇನು ಬರಬೇಕಲ್ವಾ. ಒಳಗೆ ಬೆಳೆದ ಸಸಿಯನ್ನು ಏಕಾಏಕಿ ಹೊರಗೆ ಬಿಡಬೇಡಿ. ಹತ್ತು ಹದಿನೈದು ದಿನ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಒಗ್ಗಿಸಿ.

ನಮ್ಮ ಅಡುಗೆಮನೆಯ ಗಿಡಗಳ ವಿಷಯ. ಕೊತ್ತಂಬರಿ ಗಟ್ಟಿ, ಸಣ್ಣ ಫ್ರಾಸ್ಟ್‌ಗೆ ಹೆದರುವುದಿಲ್ಲ, ಏಪ್ರಿಲ್‌ನಲ್ಲೇ ಎರಚಬಹುದು. ಮೆಣಸಿನಕಾಯಿ ಬೀಜ ಫೆಬ್ರವರಿಯಲ್ಲೇ ಕಿಟಕಿಯ ಹತ್ತಿರ ಹಾಕಿ, ಹೊರಗೆ ಮಾತ್ರ ರೋಹಿಣಿಗೆ. ಸೋರೆ, ಕುಂಬಳ, ಬದನೆ, ಹುರುಳಿಕಾಯಿ, ಇವೆಲ್ಲ ಒಂದೇ ರಾತ್ರಿಗೆ ಹೋಗುವ ಜಾತಿ. ಕರಿಬೇವು ಜೂನ್‌ವರೆಗೆ ಮನೆಯೊಳಗಿನ ಮಗು. ಬ್ರಾಡ್ ಬೀನ್ಸ್ ಅಂತ ಒಂದಿದೆ, ಅದನ್ನು ಚಳಿಗಾಲದ ಮೊದಲೇ ಬಿತ್ತಿದರೂ ಬದುಕುತ್ತದೆ. ಒಳಗಿನ ಸಿಪ್ಪೆ ಹಿಚುಕಿ ತೆಗೆದು ಸಾರು ಮಾಡಿದರೆ ಹಿತಕಿದ ಅವರೆ ಆಸೆ ಅರ್ಧ ತೀರುತ್ತದೆ. ಪೂರ್ತಿ ತೀರುವುದಿಲ್ಲ, ಸುಳ್ಳು ಯಾಕೆ ಹೇಳಲಿ.

2021ರ ಏಪ್ರಿಲ್ ಇಲ್ಲಿನವರಿಗೂ ಪಾಠ ಕಲಿಸಿತು. 1960ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ಫ್ರಾಸ್ಟ್ ರಾತ್ರಿಗಳ ಏಪ್ರಿಲ್ ಬೇರೆ ಇರಲಿಲ್ಲ. ಪಕ್ಕದ ಮನೆಯ ಮ್ಯಾಗ್ನೋಲಿಯಾ ಹೂವೆಲ್ಲ ಚಹಾ ಬಣ್ಣಕ್ಕೆ ತಿರುಗಿತು. ನಮ್ಮ ಪ್ಲಮ್ ಮರದಲ್ಲಿ ಆ ವರ್ಷ ಒಂದು ಹಣ್ಣೂ ಇಲ್ಲ. ಅದಕ್ಕೂ ಮೊದಲು, 2017ರ ಏಪ್ರಿಲ್ ಕೊನೆಯ ಒಂದು ಫ್ರಾಸ್ಟ್ ದಕ್ಷಿಣ ಇಂಗ್ಲೆಂಡಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತ್ತು. ತೊಂದರೆ ಏನೆಂದರೆ, ಈಗ ಫೆಬ್ರವರಿ ಮಾರ್ಚ್ ಮೊದಲಿಗಿಂತ ಬೆಚ್ಚಗಾಗಿವೆ. ಮರ ಬೇಗ ಚಿಗುರುತ್ತದೆ, ಹೂ ಬೇಗ ಬಿಡುತ್ತದೆ. ಫ್ರಾಸ್ಟ್ ಮಾತ್ರ ತನ್ನ ಹಳೆಯ ದಿನ ಬಿಟ್ಟುಕೊಟ್ಟಿಲ್ಲ.

ಇದೇ ಇಕ್ಕಟ್ಟು ಹಕ್ಕಿಗಳಿಗೂ ಇದೆ. ಬ್ಲೂ ಟಿಟ್ ಅಂತ ಹಳದಿ ಹೊಟ್ಟೆ, ನೀಲಿ ಟೋಪಿಯ ಪುಟ್ಟ ಹಕ್ಕಿ, ನಮ್ಮ ಬೇಲಿಯ ಪೆಟ್ಟಿಗೆಯಲ್ಲಿ ಪ್ರತಿ ವರ್ಷ ಗೂಡು ಕಟ್ಟುತ್ತದೆ. ಮರಿಗಳಿಗೆ ಬೇಕಾದದ್ದು ಕಂಬಳಿಹುಳು, ಒಂದೊಂದು ಮರಿಗೆ ದಿನಕ್ಕೆ ನೂರರ ಹತ್ತಿರ. ಹುಳು ಬೇಕೆಂದರೆ ಓಕ್ ಮರದಲ್ಲಿ ಎಳೆ ಎಲೆ ಇರಬೇಕು. ಎಲೆ, ಹುಳು, ಮರಿ, ಮೂರೂ ಅದೇ ಎರಡು ಮೂರು ವಾರದೊಳಗೆ ಕೂಡಿಬರಬೇಕು. ಆಕ್ಸ್‌ಫರ್ಡ್ ಹತ್ತಿರದ ವೈಥಮ್ ಕಾಡಿನಲ್ಲಿ 1947ರಿಂದ ಬ್ಲೂ ಟಿಟ್‌ನ ಬಳಗದ ಗ್ರೇಟ್ ಟಿಟ್ ಹಕ್ಕಿಗಳ ಗೂಡು ಲೆಕ್ಕ ಇಡುತ್ತಿದ್ದಾರೆ. ಆಗಿಗಿಂತ ಈಗ ಅವು ಎರಡು ವಾರಕ್ಕೂ ಮೊದಲೇ ಮೊಟ್ಟೆ ಇಡುತ್ತವೆ. ಬೇಗ ಇಟ್ಟ ಮೇಲೆ ಚಳಿ ವಾಪಸ್ ಬಂದರೆ? 2021ರಲ್ಲಿ ಚಳಿಯ ಏಪ್ರಿಲ್ ಹಿಂದೆಯೇ ಮಳೆಯ ಮೇ ಬಂತು. ನಮ್ಮ ಪೆಟ್ಟಿಗೆಯಲ್ಲಿ ಎಂಟು ಮೊಟ್ಟೆಗೆ ಎರಡೇ ಮರಿ ಹಾರಿದವು. ಉಳಿದವನ್ನು ಶರತ್ಕಾಲದಲ್ಲಿ ಪೆಟ್ಟಿಗೆ ತೊಳೆಯುವಾಗ ಕಂಡೆ. ಆ ದಿನ ಊಟ ಸೇರಲಿಲ್ಲ.

ಇನ್ನು ಗುಬ್ಬಚ್ಚಿ. ಹೌದು, ನಮ್ಮದೇ ಗುಬ್ಬಚ್ಚಿ, ಜಾತಿ ಒಂದೇ. ಜನವರಿ ಕೊನೆಯ ವಾರಾಂತ್ಯದಲ್ಲಿ ಹಕ್ಕಿಗಳ ರಕ್ಷಣೆಯ ಆರ್‌ಎಸ್‌ಪಿಬಿ ಸಂಸ್ಥೆ 1979ರಿಂದ ಹಿತ್ತಲಿನ ಹಕ್ಕಿ ಎಣಿಕೆ ನಡೆಸುತ್ತಿದೆ. ಒಂದು ಗಂಟೆ ಕಿಟಕಿ ಮುಂದೆ ಕೂತು, ಒಮ್ಮೆಗೇ ಕಂಡ ಅತಿ ಹೆಚ್ಚು ಸಂಖ್ಯೆ ಬರೆಯಬೇಕು, ಅಷ್ಟೇ. ಮಕ್ಕಳಿದ್ದರೆ ಖಂಡಿತ ಸೇರಿ, ಕಾಫಿ ಬಿಟ್ಟರೆ ಬೇರೆ ಖರ್ಚಿಲ್ಲ. ಆ ಎಣಿಕೆಯಲ್ಲಿ ಗುಬ್ಬಚ್ಚಿ ಇಪ್ಪತ್ತು ವರ್ಷದಿಂದ ಮೊದಲ ಸ್ಥಾನ. ಆದರೂ 1979ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಜಾಸ್ತಿ ಇಳಿದಿದೆ. ನಮ್ಮ ಗೊರವಂಕದ ಬಳಗದ ಸ್ಟಾರ್ಲಿಂಗ್ ಅಂತೂ ಶೇಕಡ 80ಕ್ಕಿಂತ ಹೆಚ್ಚು ಇಳಿದಿದೆ. ಹೊಸ ಮನೆಗಳ ಸೂರಿನಲ್ಲಿ ಸಂದಿಯಿಲ್ಲ, ಮುಂದಿನ ಅಂಗಳವೆಲ್ಲ ಕಾರು ನಿಲ್ಲಿಸಲು ಕಲ್ಲುಹಾಸು. ಗುಬ್ಬಚ್ಚಿ ಮರಿಗೆ ಹುಳು ಎಲ್ಲಿಂದ ಬರಬೇಕು? ಹೊಸ ಮನೆ ತಗೊಂಡ ಕೂಡಲೇ ನಮ್ಮವರು ಮೊದಲು ಮಾಡುವುದೇ ಪ್ಲಾಸ್ಟಿಕ್ ಹುಲ್ಲು. ದಯವಿಟ್ಟು ಬೇಡ. ಒಂದು ಮೂಲೆಯಾದರೂ ಕಾಡು ಬೆಳೆಯಲಿ ಬಿಡಿ.

ಹೆಚ್ಚಿದವೂ ಇವೆ. ಕೆಂಪು ಮುಖದ ಗೋಲ್ಡ್‌ಫಿಂಚ್ ಈಗ ಎಲ್ಲೆಲ್ಲೂ. ಕತ್ತಿನಲ್ಲಿ ಕಪ್ಪು ಗೆರೆಯಿರುವ ಬೆಳವ ಇಲ್ಲಿ ಮೊದಲು ಗೂಡು ಕಟ್ಟಿದ್ದೇ 1955ರಲ್ಲಿ. ಬ್ಲ್ಯಾಕ್‌ಕ್ಯಾಪ್ ಅಂತ ಒಂದು ಹಾಡುಹಕ್ಕಿ, ಮಧ್ಯ ಯುರೋಪಿನಿಂದ ಚಳಿಗಾಲ ಕಳೆಯಲು ಇಲ್ಲಿಗೆ ಬರುವುದನ್ನು ರೂಢಿಸಿಕೊಂಡಿದೆ. ಹಿತ್ತಲುಗಳಲ್ಲಿ ಕಾಳು, ಕೊಬ್ಬು ಸಿಗುತ್ತದಲ್ಲ. ವೀಸಾ ಚಿಂತೆ ಬೇರೆ ಇಲ್ಲ. ಇನ್ನು ನಮ್ಮ ಹಸಿರು ಗಿಳಿ! ಮೊದಲ ವಾರ ಕಿಟಕಿಯಲ್ಲಿ ನೋಡಿ ಊರಿನ ನೆನಪಾಗಿ ಕಣ್ಣು ತುಂಬಿತ್ತು. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ, 1969ರಿಂದ ಕಾಡಿನಲ್ಲಿ ಮರಿ ಮಾಡುತ್ತಿವೆ. ಲಂಡನ್ನಿನ ರಿಚ್ಮಂಡ್ ಪಾರ್ಕಿಗೆ ಹೋದರೆ ಗುಂಪುಗುಂಪಾಗಿ ಕಾಣುತ್ತವೆ. ಹಿತ್ತಲಲ್ಲಿ ಕಾಳು ತುಂಬಿ ತೂಗುಹಾಕುವ ಫೀಡರಿಗೆ ಬಂದರೆ ಚಿಕ್ಕ ಹಕ್ಕಿಗಳಿಗೆ ಜಾಗವಿಲ್ಲ. ಊರಿನವರು ಅಂತ ಪಕ್ಷಪಾತ ಮಾಡಬೇಡಿ.

ಕಾಳು ಹಾಕುವವರು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಫೀಡರ್ ವಾರಕ್ಕೊಮ್ಮೆ ತೊಳೆದು ಒಣಗಿಸಬೇಕು. ಗ್ರೀನ್‌ಫಿಂಚ್ ಅನ್ನುವ ಹಕ್ಕಿಗೆ 2005ರ ಸುಮಾರಿಗೆ ಗಂಟಲಿನ ರೋಗವೊಂದು ಅಂಟಿತು. ಎಂಜಲು ತಾಗಿದ ಕಾಳು ನೀರಿನಿಂದ ಹರಡುವ ರೋಗ. ಅರ್ಧಕ್ಕಿಂತ ಹೆಚ್ಚು ಸತ್ತುಹೋಗಿ, 2021ರಲ್ಲಿ ಅದನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು. ಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು ನಿಲ್ಲಿಸಿ. ಎಂಜಲು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ತಾನೆ?

ಪಕ್ಷಮಾಸದಲ್ಲಿ ಕಾಗೆಗೆ ಎಡೆ ಇಡುವವರು ಸಪ್ಪೆ ಅನ್ನ ಇಡಿ. ಉಪ್ಪು, ಒಗ್ಗರಣೆ, ವಡೆ ಬೇಡ. ಸಂಜೆಯೊಳಗೆ ಉಳಿದದ್ದನ್ನು ತೆಗೆಯಿರಿ, ಇಲ್ಲವಾದರೆ ಇಲಿ ಬಂದು ಅಕ್ಕಪಕ್ಕದವರ ಮುಖ ನೋಡುವುದು ಕಷ್ಟ. ಉಪ್ಪಿನ ಕಡಲೆಕಾಯಿ ಯಾವತ್ತೂ ಬೇಡ. ಫ್ರಾಸ್ಟ್ ಬಿದ್ದ ಬೆಳಿಗ್ಗೆ ಕುಡಿಯುವ ನೀರು ಹೆಪ್ಪುಗಟ್ಟಿರುತ್ತದೆ, ಉಗುರುಬೆಚ್ಚಗಿನ ನೀರು ಹಾಕಿ ಬದಲಾಯಿಸಿ.

ಬೇಲಿ ಕತ್ತರಿಸುವ ಮುನ್ನ ಒಳಗೆ ಇಣುಕಿ. ಹಕ್ಕಿ ವಾಸವಿರುವ ಗೂಡು ಕೆಡಿಸುವುದು ಇಲ್ಲಿ 1981ರ ಕಾನೂನಿನ ಪ್ರಕಾರ ಅಪರಾಧ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕತ್ತರಿ ಒಳಗಿಡುವುದೇ ಕ್ಷೇಮ. ಯಾರಾದರೂ ಹುಲ್ಲು ಬೆಳೆದಿದೆ, ಬೇಲಿ ಕೆದರಿದೆ ಅಂದರೆ ಗೂಡಿದೆ ಅನ್ನಿ. ಇಂಗ್ಲಿಷರು ಅಷ್ಟಕ್ಕೇ ಸುಮ್ಮನಾಗುತ್ತಾರೆ, ಮೆಚ್ಚಿಕೊಳ್ಳುತ್ತಾರೆ ಕೂಡ.

ಈ ಸಲ ನಮ್ಮ ಕಿಟಕಿಯಲ್ಲಿ ಬ್ಯಾಡಗಿ ಮೆಣಸಿನ ಸಸಿ ಜಾಸ್ತಿ ಎದ್ದಿವೆ. ರೆಡಿಂಗ್ ಕಡೆ ಇರುವವರು ಮೇ 25ರ ಮೇಲೆ ಬನ್ನಿ, ಎರಡೆರಡು ಕೊಡುತ್ತೇನೆ. ಅದಕ್ಕೂ ಮೊದಲು ಬಂದರೆ ಕಾಫಿ ಮಾತ್ರ.