ರಾತ್ರಿ ಪಾಳಿ ಮತ್ತು ಬಚ್ಚಲ ದಾರಿ: ವೃದ್ಧಾಶ್ರಮದಲ್ಲಿ ನನ್ನ ಅನುಭವ

ಧಾರವಾಡದ ಒಂದು ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಉಸ್ತುವಾರಿ ನನ್ನದು. ಹಿರಿಯರು ಎಲ್ಲಿ ಬೀಳುತ್ತಾರೋ ಅಂತ ನನಗೆ ಮೆಟ್ಟಿಲಿಗಿಂತ ಬಚ್ಚಲಿನ ಭಯವೇ ಜಾಸ್ತಿ. ನಡುರಾತ್ರಿ ಅವಸರವಾದಾಗ, ಮಲಗಿದವರನ್ನು ಯಾಕೆ ಎಬ್ಬಿಸುವುದು ಅಂತ ಅಜ್ಜಿಯರು ತಾವೇ ಎದ್ದುಬಿಡುತ್ತಾರೆ. ದಡಕ್ಕನೆ ಎದ್ದರೆ ಬಿಪಿ ಇಳಿದು ಕಣ್ಣಿಗೆ ಕತ್ತಲೆ ಬರುತ್ತದೆ, ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುವವರಿಗಂತೂ ಇನ್ನೂ ಅಪಾಯ. ಅದರ ಮೇಲೆ ಒದ್ದೆ ಟೈಲ್ಸ್, ಸವೆದ ಹವಾಯಿ ಚಪ್ಪಲಿ, ಕಾಲಿಗೆ ಸಿಗುವ ಸೀರೆ. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ನಡೆಯುವುದೇ ಇಲ್ಲ.

"ಕ್ಯಾಮೆರಾ ಐತಲ್ರಿ?" ಅಂತ ಮನೆಯವರು ಕೇಳುತ್ತಾರೆ. ಐತ್ರಿ, ಆದರೆ ಅದು ಬಿದ್ದದ್ದನ್ನು ತೋರಿಸುತ್ತದೆ, ಬೀಳುವವರನ್ನು ಹಿಡಿಯುವುದಿಲ್ಲ.

ಹಾಗಾಗಿ ಎರಡು ತಾಸಿಗೊಮ್ಮೆ ನಾವೇ ಹೋಗುತ್ತೇವೆ. ಹಾಸಿಗೆ ಹಿಡಿದವರನ್ನು ಅದೇ ಹೊತ್ತಿಗೆ ಮಗ್ಗುಲು ಬದಲಿಸುತ್ತೇವೆ, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಎಚ್ಚರ ಇದ್ದವರಿಗೆ "ಏನರ ಬೇಕೇನ್ರಿ?" ಅಂದರೆ ಸಂಕೋಚಕ್ಕೆ ಬೇಡ ಅನ್ನುತ್ತಾರೆ. "ಏಳ್ರಿ ಅಮ್ಮಾರ, ಒಮ್ಮೆ ಹೋಗಿ ಬರೂಣು" ಅಂದರೆ ಬರುತ್ತಾರೆ. ಮೊದಲು ಮಂಚದ ಅಂಚಿಗೆ ಕೂರಿಸಿ, ಎರಡೂ ಪಾದ ನೆಲಕ್ಕೆ ಊರಿಸಿ, ತಲೆ ತಿರುಗುತ್ತದಾ ಅಂತ ಕೇಳಿ, ಒಂದೆರಡು ನಿಮಿಷ ಬಿಟ್ಟೇ ಎಬ್ಬಿಸುವುದು. ಕೈ ಹಿಡಿದು ಜಗ್ಗಬಾರದು, ಭುಜಕ್ಕೆ ಪೆಟ್ಟಾಗುತ್ತದೆ.

ಬಚ್ಚಲ ಬಾಗಿಲು ಹೊರಕ್ಕೆ ತೆಗೆಯುವ ಹಾಗೆ ಮಾಡಿಸಿದೆವು. ಒಳಕ್ಕೆ ತೆಗೆಯುವ ಬಾಗಿಲಾದರೆ ಒಳಗೆ ಬಿದ್ದವರ ಮೈ ಅಡ್ಡ ಬಂದು ತೆಗೆಯಲು ಆಗುವುದಿಲ್ಲ. ಟವೆಲ್ ಹಾಕುವ ರಾಡು ಆಧಾರಕ್ಕಲ್ಲ, ಕೈ ಹಾಕಿದರೆ ಅದೇ ಕಿತ್ತು ಬರುತ್ತದೆ. ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕೆಯೇ ಬೇಕು. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರು ನಮ್ಮದು, ಬಚ್ಚಲ ದಾರಿಯ ಬಲ್ಬು ಇನ್ವರ್ಟರ್ ಮೇಲೇ ಇರಬೇಕು.

ಮರೆವಿನ ಕಾಯಿಲೆ ಇರುವವರಿಗೆ ಮಂಚದ ಪಕ್ಕದ ಕಂಬಿ ಏರಿಸಿದರೆ ಸಾಕು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದನ್ನೇ ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಸಂದಿಯಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ನಾವು ತಗ್ಗಿನ ಮಂಚ ಕೊಡುತ್ತೇವೆ. ಕೋಣೆಗೆ ಹೊರಗಿನಿಂದ ಚಿಲಕ ಹಾಕಲು ನಾನು ಬಿಡುವುದೇ ಇಲ್ಲ. ಬೆಂಕಿ ಬಿದ್ದರೆ ಗತಿ ಏನು?

ಇಷ್ಟಕ್ಕೂ ಕೈಗಳು ಬೇಕು. ಇಡೀ ಮಹಡಿಗೆ ಒಬ್ಬಳೇ ಆಯಾ ಇಟ್ಟು, ಯಾರೋ ಬಿದ್ದಾಗ ಅವಳನ್ನೇ ಬೈಯುವುದು ನನಗೆ ಸಹಿಸಲು ಆಗುವುದಿಲ್ಲ. ಅಪ್ಪ, ಅವ್ವನನ್ನು ಸೇರಿಸಲು ಬರುವವರು ಊಟದ ಮೆನು ಕೇಳುವ ಮೊದಲು ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳಿ. ಎಲ್ಲಾದರೂ ಹಿರಿಯರನ್ನು ಕಡೆಗಣಿಸಿದ್ದು ಕಂಡರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಫೋನ್ ಮಾಡಿ.