ಊರಿನ ಕ್ಯಾಸೆಟ್ಟು, ಡಿವಿಡಿ ಅಮೆರಿಕಕ್ಕೆ ತರುವವರಿಗೆ

ಉಡುಪಿಯಿಂದ ಬರುವಾಗ ಅಪ್ಪ ವೇಷ ಮಾಡಿದ ಯಕ್ಷಗಾನ ಆಟದ ವಿಎಚ್‌ಎಸ್ ಕ್ಯಾಸೆಟ್ಟನ್ನು ಸೀರೆಯಲ್ಲಿ ಸುತ್ತಿ ತಂದಿದ್ದೆ. ಇಲ್ಲಿನ ವಿಸಿಆರ್‌ಗೆ ಹಾಕಿದರೆ ಕಿರೀಟಕ್ಕೆ ಬಣ್ಣವೇ ಇಲ್ಲ, ಚಿತ್ರ ನಿಲ್ಲದೆ ಉರುಳುತ್ತಿತ್ತು. ಹಾಳಾಯಿತೆಂದು ಅತ್ತುಬಿಟ್ಟೆ. ಕ್ಯಾಸೆಟ್ ಹಾಳಾಗಿರಲಿಲ್ಲ ಮಾರಾಯ್ರೆ.

ಹಳೆಯ ಟಿವಿ, ಕ್ಯಾಸೆಟ್, ಡಿವಿಡಿಗೆ ಚಿತ್ರ ಕೂರಿಸುವ ಪದ್ಧತಿ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ದೇಶದ್ದು ಪಾಲ್ ಪದ್ಧತಿ: ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಸುಮಾರು 30 ಚಿತ್ರ. ಊರಿನ ಕರೆಂಟು 50 ಹರ್ಟ್ಜ್, ಇಲ್ಲಿಯದು 60. ಟಿವಿಯ ಲೆಕ್ಕವೂ ಮೊದಲು ಅದನ್ನೇ ಹಿಡಿದು ಹೊರಟದ್ದು. ಬಣ್ಣ ಸೇರಿಸುವ ರೀತಿಯೂ ಬೇರೆ. ದುಬೈ, ಮಸ್ಕತ್‌ಗೆ ಹೋಗುವ ನಮ್ಮವರಿಗೆ ಈ ತೊಂದರೆ ಇಲ್ಲ, ಅಲ್ಲಿಯೂ ಪಾಲ್.

ಡಿವಿಡಿಯಲ್ಲಿ ಇದರ ಜೊತೆ ಡಿಸ್ಕ್ ಯಾವ ಕಡೆಯ ಪ್ಲೇಯರಿನಲ್ಲಿ ಓಡಬೇಕೆಂದು ಹಾಕಿದ ರೀಜನ್ ಕೋಡ್ ಎಂಬ ಇನ್ನೊಂದು ಬೀಗ ಇದೆ. ಭಾರತ 5, ಅಮೆರಿಕ 1. ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಕೋಡ್ ಇರುವುದು ಕಂಪನಿಯ ಸಿನಿಮಾ ಡಿಸ್ಕಿನಲ್ಲಿ. ಸ್ಟುಡಿಯೋದವರು ಬರೆದುಕೊಟ್ಟ ಮದುವೆ ಡಿಸ್ಕಿಗೆ ಸಾಮಾನ್ಯವಾಗಿ ಕೋಡ್ ಇರುವುದಿಲ್ಲ, ಆದರೆ ಅದು ಪಾಲ್. ಹಾಗಾಗಿ ರೀಜನ್ ಫ್ರೀ ಪ್ಲೇಯರ್ ಕೊಂಡರೆ ಸಾಲದು. ಪಾಲನ್ನು ಎನ್‌ಟಿಎಸ್‌ಸಿಗೆ ಬದಲಿಸುತ್ತದೆಯೇ ಎಂದೂ ಕೇಳಿ. ಕಂಪ್ಯೂಟರಿನಲ್ಲಿ ಪಾಲ್ ಡಿಸ್ಕ್ ತಕರಾರಿಲ್ಲದೆ ಓಡುತ್ತದೆ. ಆದರೆ ಅದರ ಡ್ರೈವಿನ ರೀಜನ್ ಬದಲಿಸಲು 5 ಸಲ ಮಾತ್ರ ಅವಕಾಶ. ಸುಮ್ನೆ ಒತ್ತಬೇಡಿ.

ಊರಿನ ಟಿವಿ ಮಾತ್ರ ತರಬೇಡಿ. ಇಲ್ಲಿನ ಆಂಟೆನಾಕ್ಕೆ ಬರುವ ಎಟಿಎಸ್‌ಸಿ ಎಂಬ ಡಿಜಿಟಲ್ ಪದ್ಧತಿಯ ಚಾನೆಲ್ ಅದಕ್ಕೆ ಸಿಗುವುದಿಲ್ಲ, ವೋಲ್ಟೇಜೂ ಬೇರೆ.

ನಾನು ಹೇಳುವುದು, ಹೊರಡುವ ಮೊದಲೇ ಮಂಗಳೂರಿನಲ್ಲೋ ಉಡುಪಿಯಲ್ಲೋ ಸ್ಟುಡಿಯೋದಲ್ಲಿ ಎಂಪಿ4 ವಿಡಿಯೋ ಫೈಲ್ ಮಾಡಿಸಿಕೊಳ್ಳಿ. ಸೆಕೆಂಡಿಗೆ 25 ಚಿತ್ರ ಇದ್ದದ್ದು ಹಾಗೇ ಇರಲಿ ಅನ್ನಿ, 30ಕ್ಕೆ ಎಳೆದರೆ ಚಲನೆ ಜರ್ಕ್ ಹೊಡೆಯುತ್ತದೆ. ಚಂಡೆಯ ಪೆಟ್ಟಿಗೆ ಕುಣಿಯುವವರನ್ನು ನೋಡುವಾಗ ಅದು ಜಾಸ್ತಿ ಕಾಣುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಕಲೆ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಮೊದಲು ಬಲ್ಲವರಿಂದ ಶುಚಿ ಮಾಡಿಸಿ.

ನನ್ನ ಕ್ಯಾಸೆಟ್ಟನ್ನು ಊರಿಗೇ ವಾಪಸ್ ಒಯ್ದು, ತಮ್ಮನ ಕೈಯಲ್ಲಿ ಫೈಲ್ ಮಾಡಿಸಿದೆ. ಒಂದು ಪ್ರತಿ ಇಲ್ಲಿ, ಒಂದು ಅಮ್ಮನ ಹತ್ತಿರ. ಮೂಲ ಕ್ಯಾಸೆಟ್ ಅಮ್ಮನ ಕಪಾಟಿನಲ್ಲೇ ಇದೆ.