ಹುಳ ಸತ್ತರೆ ಸಾಲದು, ಹೂವು ಮಾರುವಂತಿರಬೇಕು: ಅಲಂಕಾರಿಕ ಗಿಡಗಳ ಕೀಟ ಸಂಶೋಧನೆಯಲ್ಲಿ ನನ್ನ ಅನುಭವ

ಕೀಟಶಾಸ್ತ್ರ ಓದಿದವರಲ್ಲಿ ಹೆಚ್ಚಿನವರು ಭತ್ತ, ಹತ್ತಿ, ಜೋಳದ ಕಡೆ ಹೋಗುತ್ತಾರೆ. ಅಲ್ಲಿ ಬೆಳೆಯುವ ಜಾಗ ಜಾಸ್ತಿ, ಅನುದಾನ ಜಾಸ್ತಿ, ಹುದ್ದೆಗಳೂ ಜಾಸ್ತಿ. ನಾನು ಹೂವಿನ ಕಡೆ ಬಂದೆ. ಗುಲಾಬಿ, ಜರ್ಬೆರಾ, ಸೇವಂತಿಗೆ, ಆರ್ಕಿಡ್, ಕುಂಡದ ಎಲೆಗಿಡಗಳು, ಇವುಗಳ ಕೀಟ ಹತೋಟಿಯೇ ನನ್ನ ಕೆಲಸ. "ಹೂವಿನ ಹುಳ ನೋಡ್ಕೊಂಡು ಜೀವನ ಆಗುತ್ತಾ?" ಅಂತ ಕೇಳಿದವರಿದ್ದಾರೆ. ಆಗುತ್ತೆ. ಆದರೆ ಇಲ್ಲಿ ಬೇಕಾದ ಕಲಿಕೆ ಸ್ವಲ್ಪ ಬೇರೆ. ಹುಳದಷ್ಟೇ ಗಿಡವನ್ನೂ ಓದಬೇಕು.

ಯಾಕೆ ಅಂತ ಹೇಳುತ್ತೇನೆ. 1959ರಲ್ಲಿ ಸ್ಟರ್ನ್, ಸ್ಮಿತ್, ವ್ಯಾನ್ ಡೆನ್ ಬಾಷ್, ಹೇಗನ್ ಎಂಬ ನಾಲ್ವರು ಕೀಟಶಾಸ್ತ್ರಜ್ಞರು ಸೇರಿ ಸಮಗ್ರ ಹತೋಟಿಯ (ಔಷಧಿ, ಮಿತ್ರಕೀಟ ಎರಡನ್ನೂ ಹೊಂದಿಸಿ ಬಳಸುವುದು) ಬಗ್ಗೆ ಒಂದು ಪ್ರಬಂಧ ಬರೆದರು. ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಡಿ, ನಷ್ಟದ ಮಟ್ಟಕ್ಕೆ ಹತ್ತಿರ ಬಂದಾಗ ಹೊಡೆಯಿರಿ ಅನ್ನುವುದು ಅದರ ತಿರುಳು. ನಮ್ಮ ಪಾಠವೆಲ್ಲ ಅಲ್ಲಿಂದಲೇ ಶುರುವಾಗುತ್ತೆ. ಜೋಳದ ಎಲೆಗೆ ನಾಲ್ಕು ತೂತು ಬಿದ್ದರೆ ತೆನೆಗೆ ಏನೂ ಆಗಲ್ಲ. ಆದರೆ ಎಲೆಯನ್ನೇ ನೋಡಿ ಕೊಳ್ಳುವ ಗಿಡದಲ್ಲಿ? ಎಲೆಯೊಳಗೆ ಸುರಂಗ ಕೊರೆಯುವ ರಂಗೋಲಿ ಹುಳು ಒಂದೇ ಒಂದು ಗೆರೆ ಎಳೆದರೂ ಆ ಸೇವಂತಿಗೆ ಕುಂಡ ಎರಡನೇ ದರ್ಜೆಗೆ ಇಳಿಯಿತು. ಹೊರದೇಶಕ್ಕೆ ಹೋಗುವ ಹೂವಾದರೆ ಪೆಟ್ಟಿಗೆಯಲ್ಲಿ ಒಂದು ಜೀವಂತ ಹುಳ ಸಿಕ್ಕರೂ ಇಡೀ ಸರಕು ನಿಲ್ಲಬಹುದು. ಇಲ್ಲಿ ಸಹಿಸಬಹುದಾದ ಮಿತಿ ಸೊನ್ನೆಗೆ ತೀರಾ ಹತ್ತಿರ. ಕೊಳ್ಳುವವರ ಕಣ್ಣೇ ಅದನ್ನು ನಿರ್ಧರಿಸುತ್ತೆ.

ಇನ್ನೊಂದು ತೊಡಕು ತಳಿಗಳ ಸಂಖ್ಯೆ. ಭತ್ತ ಅಂದರೆ ಎಷ್ಟೇ ತಳಿ ಇದ್ದರೂ ಭತ್ತವೇ. ಅಲಂಕಾರಿಕ ಗಿಡ ಅಂದರೆ ಸಾವಿರಾರು ಜಾತಿ, ಒಂದೊಂದರಲ್ಲೂ ಲೆಕ್ಕವಿಲ್ಲದಷ್ಟು ತಳಿ. ಒಂದು ಔಷಧಿ ಬಿಳಿ ಜರ್ಬೆರಾಕ್ಕೆ ಒಗ್ಗಿತು ಅಂದರೆ ಕೆಂಪು ಜರ್ಬೆರಾಕ್ಕೂ ಒಗ್ಗುತ್ತೆ ಅನ್ನುವ ಹಾಗಿಲ್ಲ. ಹಾಗಾಗಿ ನನ್ನ ಕೆಲಸದಲ್ಲಿ ದೊಡ್ಡ ಪಾಲು ಹುಳವೇ ಇಲ್ಲದ ಪ್ರಯೋಗಗಳು! ಆರೋಗ್ಯವಾಗಿರುವ ಗಿಡಕ್ಕೆ ಔಷಧಿ ಹೊಡೆದು, ಗಿಡಕ್ಕೆ ಏನಾಗುತ್ತೆ ಅಂತ ನೋಡುವುದು.

ಅದನ್ನು ಮಾಡುವ ಬಗೆ ಹೀಗೆ. ಒಂದು ಸಾಲಿಗೆ ಶಿಫಾರಸಿನ ಪ್ರಮಾಣ, ಇನ್ನೊಂದಕ್ಕೆ ಅದರ ಎರಡು ಪಟ್ಟು, ಮತ್ತೊಂದಕ್ಕೆ ಬರೀ ನೀರು. ಎರಡು ಪಟ್ಟು ಯಾಕೆ ಅಂದರೆ ಸಿಂಪಡಿಸುವವರ ಕೈ ಸಾಲಿನ ಕೊನೆಗೆ ತಿರುಗುವಾಗ ಅದೇ ಗಿಡಕ್ಕೆ ಎರಡು ಸಲ ಬೀಳುತ್ತೆ. ಆಮೇಲೆ ಪ್ರತಿ ಗಿಡಕ್ಕೂ ಅಂಕ. ಏನೂ ಆಗದಿದ್ದರೆ ಸೊನ್ನೆ, ಸತ್ತರೆ ಹತ್ತು. ಎಲೆಯ ಅಂಚು, ಚಿಗುರು, ಮೊಗ್ಗು, ಅರಳಿದ ದಳ ಎಲ್ಲವನ್ನೂ ಬೇರೆ ಬೇರೆ ನೋಡಬೇಕು. ಎಲೆ ಚೆನ್ನಾಗಿಯೇ ಇದ್ದು ದಳದ ಅಂಚು ಮಾತ್ರ ಕಂದಾಗುವುದು ಮಾಮೂಲು. ಸುಡುವುದೊಂದೇ ಹಾನಿಯಲ್ಲ. ನೀರಿನಲ್ಲಿ ಕದಡುವ ಪುಡಿ ಔಷಧಿ ಒಣಗಿದ ಮೇಲೆ ಕೆಂಪು ಗುಲಾಬಿಯ ಮೇಲೆ ಬಿಳಿ ಕಲೆ ಬಿಡುತ್ತೆ. ಹುಳ ಪೂರ್ತಿ ಸತ್ತಿರಬಹುದು, ಆದರೆ ಹೂವು ಮಾರಾಟವಾಗಲ್ಲ. ನೀಲಿ ಸ್ಪ್ರೂಸ್ ಮರಕ್ಕೆ ಹುಳ ಕೊಲ್ಲುವ ತೋಟಗಾರಿಕೆ ಎಣ್ಣೆ ಹೊಡೆದರೆ ಸೂಜಿ ಎಲೆಗಳ ಮೇಲಿನ ಮೇಣದ ಪದರ ಹೋಗಿ, ನೀಲಿ ಮರ ಹಸಿರಾಗುತ್ತೆ. ಮರಕ್ಕೆ ರೋಗವೇನೂ ಇಲ್ಲ, ಆದರೆ ನೀಲಿ ಅಂತ ದುಡ್ಡು ಕೊಟ್ಟವರು ಬಿಡುತ್ತಾರಾ?

ಈ ತಲೆನೋವು ಬೇಡ ಅಂತಲೇ ಔಷಧಿ ಕಂಪನಿಗಳು ಸಣ್ಣ ಬೆಳೆಗಳಿಗೆ ನೋಂದಣಿ ಮಾಡಿಸಲು ಹಿಂಜರಿಯುತ್ತವೆ. ಮಾರಾಟ ಕಡಿಮೆ, ಗಿಡ ಸುಟ್ಟರೆ ಪರಿಹಾರ ಕೊಡಬೇಕಾದ ಭಯ ಜಾಸ್ತಿ. ಆ ಖಾಲಿ ಜಾಗವೇ ನಮಗೆ ಕೆಲಸ ಕೊಟ್ಟಿದೆ. ಅಮೆರಿಕದಲ್ಲಿ ಇದಕ್ಕೆಂದೇ 1963ರಲ್ಲಿ ಐಆರ್-4 ಅನ್ನುವ ಯೋಜನೆ ಶುರುವಾಯಿತು. ಮೊದಲು ತಿನ್ನುವ ಬೆಳೆಗಳಿಗಷ್ಟೇ ಇತ್ತು, 1977ರಲ್ಲಿ ಅಲಂಕಾರಿಕ ಗಿಡಗಳೂ ಸೇರಿದವು. ಬೆಳೆಗಾರರು ತಮ್ಮ ಸಮಸ್ಯೆ ಹೇಳುತ್ತಾರೆ, ಸಂಶೋಧಕರು ಪ್ರಯೋಗ ಮಾಡಿ ಅಂಕಿಅಂಶ ಕೊಡುತ್ತಾರೆ, ಅದರ ಆಧಾರದ ಮೇಲೆ ಔಷಧಿಯ ಲೇಬಲ್‌ನಲ್ಲಿ ಬಳಸಬಹುದಾದ ಬೆಳೆಗಳ ಪಟ್ಟಿಗೆ ಹೊಸ ಬೆಳೆ ಸೇರುತ್ತೆ. ಈ ಕ್ಷೇತ್ರಕ್ಕೆ ಬರುವವರು ಲೇಬಲ್ ಓದುವುದನ್ನು, ಅದು ಹೇಗೆ ತಯಾರಾಗುತ್ತೆ ಅನ್ನುವುದನ್ನು ಶುರುವಿನಲ್ಲೇ ಕಲಿತರೆ ಒಳ್ಳೆಯದು. ಕಾಲೇಜಿನಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಹೇಳಿಕೊಡಲ್ಲ.

ಇನ್ನು ಎಣಿಕೆ. ಬೇಜಾರಿನ ಕೆಲಸ, ಆದರೆ ಎಲ್ಲವೂ ನಿಂತಿರುವುದು ಇದರ ಮೇಲೆ. ಗಿಡದ ರಸ ಹೀರುವ ಪುಟ್ಟ ಕೀಟ ಪಶ್ಚಿಮ ಹೂ ಥ್ರಿಪ್ಸ್ ತೆಗೆದುಕೊಳ್ಳಿ. ಸುಮಾರು ಒಂದರಿಂದ ಒಂದೂವರೆ ಮಿಲಿಮೀಟರ್ ಉದ್ದ. ಮೊಟ್ಟೆ ಗಿಡದ ಅಂಗಾಂಶದೊಳಗೆ, ಮರಿಗಳು ಮೊಗ್ಗಿನ ಸಂದಿಯಲ್ಲಿ, ಕೋಶದ (ಪ್ಯೂಪಾ) ಹಂತ ಹೆಚ್ಚಾಗಿ ಮಣ್ಣಿನಲ್ಲಿ. ಮೇಲಿಂದ ಸಿಂಪಡಿಸಿದ ಔಷಧಿ ಇವರಲ್ಲಿ ಕೆಲವರಿಗಷ್ಟೇ ತಾಗುತ್ತೆ. ಸಾಲದ್ದಕ್ಕೆ ಹೂಗಿಡಗಳಿಗೂ ತಗಲುವ ಟೊಮೆಟೊ ಚುಕ್ಕೆ ಸೊರಗು ವೈರಸ್ ಬೇರೆ ಹರಡುತ್ತೆ. ವೈರಸ್ಸನ್ನು ಒಳಗೆ ತೆಗೆದುಕೊಳ್ಳುವುದು ಮರಿಯಾಗಿದ್ದಾಗ, ಹಂಚುವುದು ಮುಖ್ಯವಾಗಿ ರೆಕ್ಕೆ ಬಂದ ಮೇಲೆ. ಹಾಗಾಗಿ ಬರೀ "ಥ್ರಿಪ್ಸ್ ಇಷ್ಟು" ಅಂತ ಬರೆದರೆ ಉಪಯೋಗವಿಲ್ಲ. ಮರಿ ಎಷ್ಟು, ದೊಡ್ಡದು ಎಷ್ಟು ಅಂತ ಬೇರೆ ಮಾಡಬೇಕು.

ನಾನು ಹೂವನ್ನು ಕಿತ್ತ ತಕ್ಷಣ ಮುಚ್ಚಳವಿರುವ ಡಬ್ಬಿಗೆ ಹಾಕಿ ಶೇ. 70ರ ಆಲ್ಕೋಹಾಲ್ ಸುರಿಯುತ್ತೇನೆ. ಚೆನ್ನಾಗಿ ಅಲುಗಾಡಿಸಿ, ನಯವಾದ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಗೆರೆ ಎಳೆದ ತಟ್ಟೆಗೆ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತೇನೆ. ಬಿಳಿ ತಟ್ಟೆಯ ಮೇಲೆ ಹೂವು ಕೊಡವಿ ಎಣಿಸುವುದು ಬೇಗ ಆಗುತ್ತೆ, ತೋಟದಲ್ಲಿ ಕಣ್ಣಂದಾಜಿಗೆ ಸಾಕು. ಆದರೆ ದಳದ ಬುಡದಲ್ಲಿ ಅಡಗಿದ ಮರಿಗಳು ಕೊಡವಿದರೆ ಬೀಳಲ್ಲ. ನೀಲಿ ಅಂಟು ಹಾಳೆಗಳನ್ನೂ ಕಟ್ಟುತ್ತೇನೆ, ಅವು ಹಾರುವ ದೊಡ್ಡವುಗಳ ಕಥೆ ಮಾತ್ರ ಹೇಳುತ್ತವೆ.

ಸಂಖ್ಯಾಶಾಸ್ತ್ರಕ್ಕೆ ಹೆದರಿ ಈ ಕಡೆ ಬರದವರನ್ನು ನೋಡಿದ್ದೇನೆ. ಅಷ್ಟು ಹೆದರುವುದೇನೂ ಇಲ್ಲ, ಆದರೆ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಹಸಿರುಮನೆ ಒಳಗೆಲ್ಲ ಒಂದೇ ಹವೆ ಅಂದುಕೊಳ್ಳುತ್ತೇವೆ ಅಲ್ವಾ? ಗಾಳಿ ತಂಪು ಮಾಡುವ ಒದ್ದೆ ಪ್ಯಾಡ್ ಇರುವ ಕಡೆ ತಂಪು, ಫ್ಯಾನ್ ಕಡೆ ಬಿಸಿ ಮತ್ತು ಒಣ. ಎರಡು ಚುಕ್ಕೆ ಜೇಡ ನುಸಿಗೆ ಬಿಸಿ, ಒಣ ಹವೆ ಅಂದರೆ ಹಬ್ಬ. ಒಂದು ಔಷಧಿಯ ಗಿಡಗಳನ್ನೆಲ್ಲ ಫ್ಯಾನ್ ಕಡೆ ಇಟ್ಟರೆ ಪಾಪ ಆ ಔಷಧಿ ಸೋತೇ ಸೋಲುತ್ತೆ. ಅದಕ್ಕೇ ಮನೆಯನ್ನು ಪ್ಯಾಡ್‌ನಿಂದ ಫ್ಯಾನ್‌ವರೆಗೆ ಅಡ್ಡಡ್ಡ ಪಟ್ಟಿಗಳಾಗಿ ಮಾಡಿಕೊಂಡು, ಪ್ರತಿ ಪಟ್ಟಿಯಲ್ಲೂ ಎಲ್ಲ ಔಷಧಿ ಬರುವಂತೆ ಚೀಟಿ ಎತ್ತಿ ಹಂಚುತ್ತೇವೆ. ಔಷಧಿ ಹಾಕದ ಗಿಡದಲ್ಲೂ ಹುಳ ತಾನಾಗಿ ಸಾಯುತ್ತೆ, ಅದನ್ನು ಕಳೆಯಲು 1925ರ ಆಬಟ್ ಸೂತ್ರ ಇದೆ. ಶುರುವಿನಲ್ಲೇ ಹುಳದ ಸಂಖ್ಯೆ ಗಿಡದಿಂದ ಗಿಡಕ್ಕೆ ಬೇರೆ ಇದ್ದರೆ 1955ರ ಹೆಂಡರ್ಸನ್-ಟಿಲ್ಟನ್ ಸೂತ್ರ. ಇಷ್ಟು ಹಳೆಯವಾದರೂ ಎರಡೂ ಇಂದಿಗೂ ದಿನಾ ಬೇಕು.

ಬೆಳೆಗಾರರ ಜಾಗದಲ್ಲಿ ಪ್ರಯೋಗ ಮಾಡುವಾಗ ಬರುವ ಜಗಳ ಒಂದೇ: ಔಷಧಿ ಹಾಕದ ಸಾಲು. "ನನ್ನ ಮನೇಲೇ ಹುಳ ಸಾಕ್ತೀರಾ ಸರ್?" ಅಂತ ಕೇಳುತ್ತಾರೆ. ಅವರ ಮಾತಲ್ಲಿ ನ್ಯಾಯ ಇದೆ. ನಾನು ಆ ಗಿಡಗಳ ಬೆಲೆಯನ್ನು ಮೊದಲೇ ಬಜೆಟ್‌ನಲ್ಲಿ ಸೇರಿಸಿ, ಎಷ್ಟು ಹುಳ ಆದರೆ ಪ್ರಯೋಗ ನಿಲ್ಲಿಸುತ್ತೇವೆ ಅಂತ ಬರೆದುಕೊಟ್ಟು ಶುರು ಮಾಡುತ್ತೇನೆ.

ಜೈವಿಕ ಹತೋಟಿ, ಅಂದರೆ ಹುಳವನ್ನು ಅದರ ಶತ್ರು ಜೀವಿಗಳಿಂದಲೇ ಹತೋಟಿಯಲ್ಲಿಡುವುದು, ಇಲ್ಲಿ ಉದ್ಯೋಗದ ದೊಡ್ಡ ಬಾಗಿಲು. ಬಿಳಿ ನೊಣದ ಮರಿಗಳು ಕಪ್ಪಾಗಿರುವುದನ್ನು 1926ರಲ್ಲಿ ಇಂಗ್ಲೆಂಡಿನ ಟೊಮೆಟೊ ಬೆಳೆಗಾರರೊಬ್ಬರು ಗಮನಿಸಿದ್ದರಿಂದ ಆ ಮರಿಗಳೊಳಗೆ ಮೊಟ್ಟೆ ಇಟ್ಟು ಅವನ್ನು ಕೊಲ್ಲುವ ಎನ್ಕಾರ್ಸಿಯಾ ಎಂಬ ಪುಟ್ಟ ಕಣಜ ಬಳಕೆಗೆ ಬಂತು. ಜೇಡ ನುಸಿಯನ್ನು ತಿನ್ನುವ ನುಸಿ ಸಾಕಿ ಮಾರುವ ಕೆಲಸವನ್ನು 1967ರಲ್ಲಿ ನೆದರ್‌ಲ್ಯಾಂಡ್ಸಿನ ಸೌತೆ ಬೆಳೆಗಾರ ಯಾನ್ ಕೊಪ್ಪರ್ಟ್ ಶುರು ಮಾಡಿದರು. ಇಬ್ಬರೂ ವಿಜ್ಞಾನಿಗಳಲ್ಲ, ದಿನಾ ಗಿಡ ನೋಡುತ್ತಿದ್ದವರು. ಈಗ ಇಂಥ ಕಂಪನಿಗಳಿಗೆ ಕೀಟ ಸಾಕುವವರು, ಗುಣಮಟ್ಟ ನೋಡುವವರು, ಬೆಳೆಗಾರರಿಗೆ ಸಲಹೆ ಕೊಡುವವರು ಎಲ್ಲರೂ ಬೇಕು. ಯಾವ ಔಷಧಿಯ ಉಳಿಕೆ ಮಿತ್ರಕೀಟವನ್ನು ಎಷ್ಟು ವಾರ ಕೊಲ್ಲುತ್ತೆ ಅನ್ನುವ ಪ್ರಯೋಗಗಳಿಗೂ ಬೇಡಿಕೆ ಇದೆ. ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕಗಳ ವಿಷಯದಲ್ಲಂತೂ ಇದು ವಾರಗಟ್ಟಲೆ.

ಪಿಎಚ್‌ಡಿ ಬೇಕೇ ಬೇಕಾ? ಸ್ವಂತ ಯೋಜನೆ ಬರೆದು ಅನುದಾನ ತರಬೇಕು ಅಂದರೆ ಬೇಕು. ಗುತ್ತಿಗೆ ಸಂಶೋಧನಾ ಸಂಸ್ಥೆಗಳಲ್ಲಿ ಪ್ರಯೋಗ ನಡೆಸಲು, ನೋಂದಣಿ ಕಡತ ತಯಾರಿಸಲು, ನರ್ಸರಿಗಳಲ್ಲಿ ಕೀಟ ಸಮೀಕ್ಷೆ ಮಾಡಲು ಎಂಎಸ್‌ಸಿ ಸಾಕು. ನನ್ನ ಮಟ್ಟಿಗೆ, ಜೊತೆಗೆ ಒಂದಿಷ್ಟು ಸಸ್ಯರೋಗಶಾಸ್ತ್ರ ಓದಿದವರು ಬೇಗ ಮುಂದೆ ಬರುತ್ತಾರೆ. ಬೆಳೆಗಾರರು ಎಲೆ ತಂದುಕೊಡುವಾಗ ಇದು ಕೀಟಶಾಸ್ತ್ರದ್ದು ಅಂತ ವಿಂಗಡಿಸಿ ತರಲ್ಲ.

ಸಂದರ್ಶನಕ್ಕೆ ಬಂದವರ ಮುಂದೆ ನಾನು ಮೂರು ಎಲೆ ಇಡುತ್ತೇನೆ. ಒಂದರಲ್ಲಿ ಬೆಳ್ಳಿಯಂಥ ಮಚ್ಚೆ, ಅದರ ಮೇಲೆ ಸಣ್ಣ ಕಪ್ಪು ಚುಕ್ಕೆ ಹಿಕ್ಕೆ. ಅದು ಥ್ರಿಪ್ಸ್. ಇನ್ನೊಂದರಲ್ಲಿ ಸೂಜಿಮೊನೆಯಂಥ ಹಳದಿ ಚುಕ್ಕೆ, ತಿರುಗಿಸಿದರೆ ಅಡಿಯಲ್ಲಿ ನವಿರಾದ ಬಲೆ. ಅದು ನುಸಿ. ಮೂರನೆಯದರಲ್ಲಿ ಅಂಚು ಸುಟ್ಟಿದೆ, ಹುಳ ಎಲ್ಲೂ ಇಲ್ಲ. ಅದಕ್ಕೆ ಉತ್ತರ ಎಲೆಯಲ್ಲಿ ಸಿಗಲ್ಲ, ಇಡೀ ಗಿಡ ನೋಡಬೇಕು. ಒಂದೇ ವಯಸ್ಸಿನ ಎಲೆಗಳೆಲ್ಲ ಸುಟ್ಟು, ಆಮೇಲೆ ಬಂದ ಚಿಗುರು ಚೆನ್ನಾಗಿದ್ದರೆ ಔಷಧಿಯ ಮೇಲೆ ಅನುಮಾನ ಪಡಬೇಕು. "ಗಿಡ ಎಲ್ಲಿದೆ, ಕೊನೆಯ ಸಲ ಏನು ಹೊಡೆದಿದ್ರು?" ಅಂತ ತಿರುಗಿ ಕೇಳಿದವರನ್ನು ನಾನು ಎರಡನೇ ಸುತ್ತಿಗೆ ಕರೆಯುತ್ತೇನೆ.